ಹಸಿರು ರಿಬ್ಬನ್ನಿನ ಕ್ಯಾಪ್ಟನ್

ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮನ್ನು ಈ ತುದಿಯಿಂದ ಆ ತುದಿಯವರೆಗೆ ನಡೆದೇ ನೋಡಬೇಕೆಂದುಕೊಂಡಿದ್ದೆ. ಏಪ್ರಿಲ್ ಬಿಸಿಲು ಬಿಡಲಿಲ್ಲ. ಗದಗ ರಸ್ತೆಯ ರೈಲ್ವೆ ಮ್ಯೂಸಿಯಮ್ಮಿನಲ್ಲೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಳೆಯ ಕಲ್ಲುಮನೆಗಳು ಚೆಂದ, ಮಕ್ಕಳ ಗಲಾಟೆ ಜೋರು. ನನ್ನ ಮನಸ್ಸೆಲ್ಲ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಪರಿಚಯದ ಹಿರಿಯರೊಬ್ಬರ ಮನೆಯ ಟ್ರಂಕಿನ ಮೇಲಿತ್ತು.

ಚಹಾ ಬರುವ ಮೊದಲೇ ಅವರು ಟ್ರಂಕ್ ತೆಗೆದರು. ಮೊಟ್ಟೆಯಾಕಾರದ ಬೆಳ್ಳಿಯ ಪದಕ. ಅಂಚಿಗೆ ಓಕ್ ಎಲೆಗಳ ಸುತ್ತು, ನಡುವೆ ಖಾಲಿ ಜಾಗದಲ್ಲಿ ರಾಣಿ ವಿಕ್ಟೋರಿಯಾಳ ಹೆಸರಿನ ಅಕ್ಷರಗಳು, ಮೇಲೆ ಕಿರೀಟ. ಚಿನ್ನದ ಲೇಪ ಕಿರೀಟದ ಸಂದಿಯಲ್ಲಷ್ಟೇ ಉಳಿದಿತ್ತು. ಕಡುಹಸಿರು ರಿಬ್ಬನ್ ಮಡಿಕೆಯಲ್ಲಿ ಕಂದಾಗಿ, ಮುಟ್ಟಿದರೆ ಎಳೆ ಬಿಡುತ್ತಿತ್ತು.

"ಯಾವ ಯುದ್ಧದ್ದು?" ಎಂದೆ.

"ಯುದ್ಧದ್ದಲ್ರೀ ಸರ. ಹದಿನೆಂಟ್ ವರ್ಷ ಪರೇಡ್ ಮಾಡಿದ್ದಕ್ಕ ಕೊಟ್ಟದ್ದು" ಎಂದು ನಕ್ಕರು.

ಅದು ವಾಲಂಟಿಯರ್ ಆಫೀಸರ್ಸ್ ಡೆಕೊರೇಷನ್, ನೌಕರಿಯ ಜೊತೆಗೇ ಸ್ವಯಂಸೇವಕ ಪಡೆಯಲ್ಲಿದ್ದ ಅಧಿಕಾರಿಗಳಿಗೆ ಕೊಡುತ್ತಿದ್ದ ಪದಕ. 1892ರಲ್ಲಿ ಬ್ರಿಟನ್ನಿನಲ್ಲಿ ಶುರುವಾಗಿ 1894ರಲ್ಲಿ ಭಾರತಕ್ಕೂ ಬಂತು. ಪಡೆದವರು ಹೆಸರಿನ ಕೊನೆಗೆ ವಿ.ಡಿ. ಎಂದು ಬರೆದುಕೊಳ್ಳಬಹುದಿತ್ತು. ಇದರ ಒಡೆಯ ಸದರ್ನ್ ಮರಾಠಾ ರೈಲ್ವೆಯ ಟ್ರಾಫಿಕ್ ವಿಭಾಗದ ಅಧಿಕಾರಿ. ಅದೇ ರೈಲ್ವೆಯ ನೌಕರರ ಬಂದೂಕು ಪಡೆಯಾದ ವಾಲಂಟಿಯರ್ ರೈಫಲ್ಸ್‌ನಲ್ಲಿ ಕ್ಯಾಪ್ಟನ್. ಹೆಸರು ಬೇಡ, ಮರಿಮಕ್ಕಳು ಎಲ್ಲಿಯೋ ಇದ್ದಾರು.

ಪದಕಕ್ಕಿಂತ ನನ್ನನ್ನು ಹಿಡಿದು ಕೂರಿಸಿದ್ದು ಕಾಗದಗಳು. ನೇಮಕದ ಪತ್ರ, ವರ್ಗಾವಣೆ, ವಿಲಾಯತಿ ರಜೆಯ ಮಂಜೂರಾತಿ, ಪಡೆಯ ಅಧಿಕಾರಿಯಾಗಿ ನೇಮಿಸಿದ ವಾಲಂಟಿಯರ್ ಕಮಿಷನ್. ಗುಂಡುಸೂಜಿ ತುಕ್ಕು ಹಿಡಿದು ಎಲ್ಲದಕ್ಕೂ ಒಂದೇ ಕಡೆ ತೂತು. ತಾರೀಖಿನ ಪ್ರಕಾರ ಜೋಡಿಸಿಟ್ಟರೆ ಒಂದು ಸಂಗತಿ ತಾನಾಗಿ ಎದ್ದು ಕಾಣುತ್ತದೆ: ರೈಲ್ವೆಯಲ್ಲಿ ಹುದ್ದೆ ಏರಿದ ಹಿಂದೆಯೇ ಪಡೆಯಲ್ಲೂ ದರ್ಜೆ ಏರಿದೆ. ಆಫೀಸಿನ ಸಾಹೇಬನೇ ಕವಾಯತಿನ ಮೈದಾನದಲ್ಲೂ ಸಾಹೇಬ. ಒಂದು ಚೀಟಿಯಲ್ಲಂತೂ ಗುಂಡು ಹಾರಿಸುವ ಅಭ್ಯಾಸಕ್ಕೆ ಬರಬೇಕಾದ ಡ್ರೈವರುಗಳನ್ನು ಗೂಡ್ಸ್ ಗಾಡಿಯ ಡ್ಯೂಟಿಯಿಂದ ಬಿಡಿಸಿ ಎಂಬ ಕೋರಿಕೆಯಿದೆ. ಆ ದಿನ ಗಾಡಿ ಓಡಿಸಿದವರಾರೋ!

1857ರ ಹೆದರಿಕೆ ಬ್ರಿಟಿಷರ ತಲೆಯಿಂದ ಇಳಿದಿರಲಿಲ್ಲ. ದಂಗೆಯಾದರೆ ಹಳಿ, ಸೇತುವೆ, ತಂತಿ ಕಾಯುವವರು ಬೇಕು. ಅದಕ್ಕೇ ರೈಲ್ವೆ ನೌಕರರ ಕೈಗೆ ಬಂದೂಕು. ಆದರೆ ಬಹುಮಟ್ಟಿಗೆ ಯುರೋಪಿಯನ್ನರು, ಆಂಗ್ಲೋ-ಇಂಡಿಯನ್ನರಿಗೆ ಮಾತ್ರ. ಭಾರತೀಯರನ್ನೂ ವಾಲಂಟಿಯರುಗಳಾಗಿ ಸೇರಿಸಿಕೊಳ್ಳಿ ಎಂದು 1886ರ ಕಲ್ಕತ್ತಾ ಅಧಿವೇಶನದಲ್ಲಿ ಕಾಂಗ್ರೆಸ್ ಕೇಳಿತ್ತು. ಹುಬ್ಬಳ್ಳಿ ವರ್ಕ್‌ಶಾಪ್ ಶುರುವಾದದ್ದೂ ಅದೇ ಸುಮಾರಿಗೆ. ಕಬ್ಬಿಣ ಕಾಯಿಸಿ ಬಡಿದ ನಮ್ಮ ಜನಕ್ಕೆ ಬಂದೂಕೂ ಇಲ್ಲ, ಹಸಿರು ರಿಬ್ಬನ್ನೂ ಇಲ್ಲ. 1876-78ರ ಬರದಲ್ಲಿ ಈ ಸೀಮೆಯ ಜನ ಹುಳುಗಳಂತೆ ಸತ್ತ ಮೇಲೆ, ಧಾನ್ಯ ಸಾಗಿಸಲು ಬೇಕೆಂದು 1882ರಲ್ಲಿ ಹುಟ್ಟಿದ ಕಂಪನಿಯೇ ಈ ಸದರ್ನ್ ಮರಾಠಾ ರೈಲ್ವೆ ಎಂಬುದು ನೆನಪಾದರೆ ಇನ್ನಷ್ಟು ಕಸಿವಿಸಿ.

ಮಧ್ಯಾಹ್ನ ರೊಟ್ಟಿ, ಝುಣಕ ಹೊಡೆದು ಇಬ್ಬರೂ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋದೆವು. ಕಾಗದಗಳ ತಲೆಬರಹದಲ್ಲಿದ್ದ ಕಂಪನಿಯ ಮುಖ್ಯ ಕಚೇರಿ ಇಂದಿನ ಕರ್ನಾಟಕ ಕಾಲೇಜು. 1908ರಲ್ಲಿ ಈ ರೈಲ್ವೆ ಮದ್ರಾಸ್ ರೈಲ್ವೆಯ ಜೊತೆ ಸೇರಿ ಎಂ.ಎಸ್.ಎಂ. (ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ) ಆಯಿತು, ಕಚೇರಿ ಮದ್ರಾಸಿಗೆ ಎದ್ದಿತು. 1917ರಲ್ಲಿ ಕಾಲೇಜು ಶುರುವಾಯಿತು. ದಪ್ಪ ಗೋಡೆ, ಎತ್ತರದ ಕಮಾನು. ವರಾಂಡದಲ್ಲಿ ಹುಡುಗಿಯರು ಇಂಟರ್ನಲ್ಸ್ ಮಾರ್ಕಿನ ಬಗ್ಗೆ ಜಗಳಾಡುತ್ತಿದ್ದರು. ಕ್ಯಾಪ್ಟನ್ ಸಾಹೇಬನ ಅರ್ಜಿಗಳೆಲ್ಲ ಯಾವ ಕೋಣೆಯಲ್ಲಿ ಮಂಜೂರಾದವು ಎಂದು ಹಿರಿಯರು ಬಾಗಿಲು ಬಾಗಿಲು ಇಣುಕಿದರು. ಸಿಪಾಯಿ ಬಂದು "ಯಾರ್ ಬೇಕ್ರೀ?" ಎಂದಾಗ ಇಬ್ಬರಿಗೂ ಉತ್ತರ ಹೊಳೆಯಲಿಲ್ಲ.

ವಾಪಸು ಬರುವಾಗ ಅವರು ಹೇಳಿದರು: "ಮೆಡಲ್ ಕೇಳಾವ್ರು ಭಾಳ ಮಂದಿ ಅದಾರ್ರೀ. ಕಾಗದ ಯಾರಿಗೂ ಬ್ಯಾಡ." ನಾನು ಬೇಡಿಕೊಂಡದ್ದು ಇಷ್ಟೇ: ಕೊಡುವುದಾದರೆ ಎರಡನ್ನೂ ಒಟ್ಟಿಗೇ, ಮ್ಯೂಸಿಯಮ್ಮಿಗೇ ಕೊಡಿ, ಗೂಡ್ಸ್ ಡ್ರೈವರುಗಳ ಆ ಚೀಟಿಯನ್ನು ಮಾತ್ರ ಮೊದಲು ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ.