ಎಡಗಾಲು ಊರುವ ತನಕ

2024ರ ಆಟಿ ತಿಂಗಳು, ಜೋರು ಮಳೆಗಾಲ. ತವರು ಮನೆ ಪೆರ್ಡೂರಿಗೆ ಹೋಗಿದ್ದೆ. ಪತ್ರೊಡೆ ಮಾಡೋಣ ಎಂದು ಅಮ್ಮ ಹೇಳಿದಳು, ಕೆಸುವಿನ ಎಲೆ ತರಲು ತೋಟಕ್ಕೆ ಇಳಿದೆ. ಮುರಕಲ್ಲಿನ ಮೆಟ್ಟಿಲು, ಮೇಲೆ ಪಾಚಿ. ಚಿಕ್ಕಂದಿನಿಂದ ಸಾವಿರ ಸಲ ಇಳಿದ ಮೆಟ್ಟಿಲು ಅದು. ಎಡಗಾಲು ಜಾರಿ ಒಳಕ್ಕೆ ಮಡಚಿತು. ಮೈಯ ಭಾರವೆಲ್ಲ ಪಾದದ ಹೊರ ಅಂಚಿನ ಮೇಲೆ ಬಿತ್ತು. ಒಣ ಕಡ್ಡಿ ಮುರಿದ ಹಾಗೆ ಲಟಕ್ ಎಂದ ಶಬ್ದ ನನಗೆ ಚೆನ್ನಾಗಿ ಕೇಳಿಸಿತು.

ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ತೋರಿಸಿದೆವು. ಉಳುಕು ಎಂದರು. ಎಕ್ಸ್‌ರೇ ಬೇಕಾ ಎಂದು ಕೇಳಿದ್ದಕ್ಕೆ, ಸುಮ್ನೆ ಯಾಕೆ ಖರ್ಚು ಎಂದರು. ಕ್ರೇಪ್ ಬ್ಯಾಂಡೇಜ್ ಸುತ್ತಿ, ಮಾತ್ರೆ ಕೊಟ್ಟು ಕಳಿಸಿದರು. ಅಮ್ಮ ದಿನಾ ಎಣ್ಣೆ ಬಿಸಿ ಮಾಡಿ ಹಚ್ಚಿದಳು. 20 ದಿನ ನಾನು ಆ ಕಾಲಿನಲ್ಲೇ ಕುಂಟುತ್ತಾ ಮಣಿಪಾಲದ ಆಫೀಸಿಗೆ ಬಸ್ಸಿನಲ್ಲಿ ಓಡಾಡಿದೆ. ಒಂದು ದಿನ ಸೈಕಲ್ಲನ್ನೂ ಹತ್ತಿ ನೋಡಿದೆ, ಗೇಟಿನವರೆಗೆ ಹೋಗಿ ವಾಪಸ್ ಬಂದೆ.

ಬಾವು ಇಳಿಯದೇ ಇದ್ದಾಗ ಇವರು ಇನ್ನೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆ ಡಾಕ್ಟರು ಮೊದಲು ಮಾಡಿದ ಕೆಲಸ ಇಷ್ಟೇ. ಪಾದದ ಹೊರ ಅಂಚಿನಲ್ಲಿ, ಹಿಮ್ಮಡಿಗೂ ಕಿರುಬೆರಳಿಗೂ ನಡುವೆ, ಮೂಳೆಯ ಒಂದು ಉಬ್ಬು ಕೈಗೆ ಸಿಗುತ್ತದೆ. ಅದನ್ನು ಹೆಬ್ಬೆರಳಿನಿಂದ ಒತ್ತಿದರು. ನಾನು ಕೂಗಿಬಿಟ್ಟೆ. ಎಕ್ಸ್‌ರೇಯಲ್ಲಿ ಐದನೇ ಮೆಟಾಟಾರ್ಸಲ್, ಅಂದರೆ ಕಿರುಬೆರಳಿಗೆ ಸೇರುವ ಪಾದದ ಮೂಳೆ, ಬುಡದ ಹತ್ತಿರ ಮುರಿದದ್ದು ಕಂಡಿತು.

ಇದನ್ನು ಜೋನ್ಸ್ ಫ್ರ್ಯಾಕ್ಚರ್ ಎನ್ನುತ್ತಾರಂತೆ. ರಾಬರ್ಟ್ ಜೋನ್ಸ್ ಎಂಬ ಬ್ರಿಟಿಷ್ ಮೂಳೆ ಡಾಕ್ಟರು ಡ್ಯಾನ್ಸ್ ಮಾಡುವಾಗ ತಮ್ಮದೇ ಕಾಲು ಹೀಗೆ ಮುರಿದುಕೊಂಡು, 1902ರಲ್ಲಿ ಅದರ ಬಗ್ಗೆ ಬರೆದಿದ್ದರು. ಆ ಜಾಗಕ್ಕೆ ರಕ್ತ ಹರಿಯುವುದು ಕಡಿಮೆ. ಹಾಗಾಗಿ ಮೂಳೆ ಕೂಡಲು ತುಂಬ ಸಮಯ ಬೇಕು, ಕೆಲವೊಮ್ಮೆ ಕೂಡುವುದೇ ಇಲ್ಲ. ಮುರಿದ ಮೊದಲ ದಿನಗಳಲ್ಲೇ ಭಾರ ಹಾಕದೆ ಇಡಬೇಕಿತ್ತು. ನಾನು ಆ ದಿನಗಳನ್ನು ಬಸ್ಸಿನ ಮೆಟ್ಟಿಲು ಹತ್ತುವುದರಲ್ಲಿ ಕಳೆದೆ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಇದನ್ನು ಬರೆಯಲು ಅರ್ಧ ಕಾರಣ ಅದೇ. ಕಾಲು ಮಡಚಿ ಬಿದ್ದವರಿಗೆ ಎಕ್ಸ್‌ರೇ ಬೇಕೋ ಬೇಡವೋ ಎಂದು ನೋಡಲು ಡಾಕ್ಟರುಗಳಿಗೆ ಒಂದು ನಿಯಮ ಇದೆ. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ಮಾಡಿದ್ದು. ಪಾದದ ಮಟ್ಟಿಗೆ ನೋಡುವುದಾದರೆ, ನಾನು ಹೇಳಿದ ಹೊರ ಅಂಚಿನ ಉಬ್ಬನ್ನು ಒತ್ತಿದಾಗ ನೋವಾದರೆ, ಅಥವಾ ಒಳಬದಿಯಲ್ಲಿ ಪಾದದ ಕಮಾನಿನ ಮೇಲಿರುವ ಮೂಳೆಯನ್ನು ಒತ್ತಿದಾಗ ನೋವಾದರೆ, ಅಥವಾ 4 ಹೆಜ್ಜೆ ನಡೆಯಲು ಆಗದಿದ್ದರೆ, ಎಕ್ಸ್‌ರೇ ತೆಗೆಸಬೇಕು. ಒತ್ತಿ ನೋಡಲು ಎಷ್ಟು ಹೊತ್ತು ಬೇಕು? ನಿಮ್ಮ ಮನೆಯಲ್ಲಿ ಯಾರಾದರೂ ಜಾರಿ ಬಿದ್ದರೆ ದಯವಿಟ್ಟು ಇದನ್ನು ನೆನಪಿಟ್ಟುಕೊಂಡು ಡಾಕ್ಟರ ಹತ್ತಿರ ಕೇಳಿ. ಕೇಳಲು ಸಂಕೋಚ ಬೇಡ.

ಆಮೇಲಿನ ತಿಂಗಳುಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. 6 ವಾರ ಪ್ಲಾಸ್ಟರ್. ಮೂಳೆ ಕೂಡಲಿಲ್ಲ. ಇನ್ನೂ ಸ್ವಲ್ಪ ದಿನ ಕಾದೆವು, ಆಗಲೂ ಇಲ್ಲ. ನವೆಂಬರಿನಲ್ಲಿ ಆಪರೇಷನ್ ಮಾಡಿ ಮೂಳೆಯೊಳಗೆ ಉದ್ದಕ್ಕೆ ಒಂದು ಸ್ಕ್ರೂ ಹಾಕಿದರು. ಹೊಸ ವರ್ಷಕ್ಕೆ ಊರುಗೋಲು ಬಿಟ್ಟು ದಪ್ಪ ಬೂಟಿನಲ್ಲಿ ನಡೆದೆ.

ಬೂಟು ತೆಗೆದ ದಿನ ಎರಡೂ ಮೀನಖಂಡಕ್ಕೆ ಟೈಲರಿಂಗ್ ಟೇಪ್ ಹಿಡಿದು ನೋಡಿದೆ. ಎಡದ್ದು 2 ಸೆಂಟಿಮೀಟರ್ ಸಣ್ಣ ಆಗಿತ್ತು. ಐದು ವರ್ಷ ಸೈಕಲ್ ತುಳಿದು ಗಟ್ಟಿಯಾದ ಕಾಲು ಅದು. ಅವತ್ತು ಅತ್ತೆಗೆ ಕಾಣದ ಹಾಗೆ ಅತ್ತುಬಿಟ್ಟೆ.

ಫಿಸಿಯೋಥೆರಪಿ ಮಾಡಿಸಿದ ಹುಡುಗಿಯನ್ನು ನಾನು ಮರೆಯುವುದಿಲ್ಲ. ನೆಲದ ಮೇಲೆ ಬೈರಾಸು ಹರಡಿ ಕಾಲ್ಬೆರಳಿನಿಂದ ಅದನ್ನು ಮುದುಡಿ ಎಳೆದುಕೊಳ್ಳಬೇಕು. ಹಲ್ಲುಜ್ಜುವಾಗ ಒಂದೇ ಕಾಲಿನಲ್ಲಿ ನಿಲ್ಲಬೇಕು. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಬೇಕು. ಮೊದಲ ದಿನ ಎಡಗಾಲೊಂದರಲ್ಲೇ ಹಿಮ್ಮಡಿ ಎತ್ತಲು ಒಂದು ಸಲವೂ ಆಗಲಿಲ್ಲ. ಮೇ ತಿಂಗಳ ಹೊತ್ತಿಗೆ 20 ಸಲ ಆಯಿತು. "ಮೇಡಂ, ಇನ್ನು ಸೈಕಲ್ ಬಗ್ಗೆ ಡಾಕ್ಟರ ಹತ್ತಿರ ಕೇಳಿ" ಎಂದು ಅವಳೇ ಹೇಳಿದಳು. ಡಾಕ್ಟರು ಒಪ್ಪಿದರು, ಆದರೆ ಮಳೆಗಾಲ ಕಳೆಯಲಿ ಎಂದರು. ಜಾರಿದವಳು ನಾನು, ವಾದ ಮಾಡಲಿಲ್ಲ.

ಅಕ್ಟೋಬರಿನಲ್ಲಿ ಶೆಡ್ಡಿನಿಂದ ಸೈಕಲ್ ಹೊರಗೆ ತಂದೆ. ಎರಡು ಮಳೆಗಾಲ ಅಲ್ಲೇ ಇತ್ತು. ನಮ್ಮದು ಆದಿಉಡುಪಿ, ಕಡಲು ದೂರವಿಲ್ಲ, ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಚೈನು ಕೆಂಪಾಗಿ ಗಟ್ಟಿಯಾಗಿತ್ತು. ಟಯರಿನ ಪಕ್ಕದಲ್ಲಿ ಬಿರುಕು. ಗೇರಿನ ಕೇಬಲ್ ಒಳಗೇ ಹಿಡಿದುಕೊಂಡಿತ್ತು. ಸೀಟಿನ ಮೇಲೆ ಬಿಳಿ ಬೂಸರು. ರಿಪೇರಿ ಅಂಗಡಿಯ ಅಣ್ಣ ಬ್ರೇಕಿನ ರಬ್ಬರನ್ನು ಉಗುರಿನಿಂದ ಕೆರೆದು ನೋಡಿ, "ಇದು ಕಲ್ಲಾಗಿದೆ ಅಕ್ಕ, ಹಿಡಿಯುವುದಿಲ್ಲ" ಎಂದರು. ಚೈನು, ಟಯರು, ಟ್ಯೂಬು, ಕೇಬಲ್, ಬ್ರೇಕ್ ರಬ್ಬರ್ ಎಲ್ಲ ಹೊಸದು ಹಾಕಿಸಿದೆ. ಪೆಡಲನ್ನೂ ಬದಲಿಸಿದೆ. ಅಗಲವಾದದ್ದು, ಮೇಲೆ ಸಣ್ಣ ಮೊಳೆಗಳಿರುವಂಥದ್ದು. ಮೊದಲು ಚಪ್ಪಲಿಯಲ್ಲೂ ತುಳಿಯುತ್ತಿದ್ದೆ. ಈಗ ಬಾಗದ, ಗಟ್ಟಿ ಅಟ್ಟೆಯ ಶೂ ಬೇಕೇ ಬೇಕು. ಬೆರಳ ಬುಡದಿಂದ ತುಳಿಯುವ ಬದಲು ಪಾದದ ನಡುಭಾಗ ಪೆಡಲಿನ ಮೇಲೆ ಬರುವ ಹಾಗೆ ಇಟ್ಟರೆ ಆ ಮೂಳೆಗೆ ಒತ್ತಡ ಕಡಿಮೆ. ಹಾಗೆ ಇಟ್ಟಾಗ ಕಾಲು ಚಾಚುವ ದೂರ ಬದಲಾಗುತ್ತದೆ, ಸೀಟನ್ನು ಸ್ವಲ್ಪ ಇಳಿಸಬೇಕು. ಇದೆಲ್ಲ ಓದಿಕೊಂಡು ತಯಾರಾಗಿದ್ದೆ. ತುಳಿಯುವುದರ ಬಗ್ಗೆ ಅಷ್ಟೆಲ್ಲ ಯೋಚಿಸಿದ್ದೆ. ನಿಲ್ಲಿಸುವುದರ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಮೊದಲ ಭಾನುವಾರ ಬೆಳಿಗ್ಗೆ 6 ಗಂಟೆಗೆ ಹೊರಟೆ. ಕಲ್ಮಾಡಿಯ ಕಡೆಗೆ. ತುಳಿಯಲು ಏನೂ ಕಷ್ಟ ಆಗಲಿಲ್ಲ. ಗಾಳಿ ಮುಖಕ್ಕೆ ಬಡಿದಾಗ ಎದೆ ತುಂಬಿ ಬಂತು. ಅಷ್ಟರಲ್ಲಿ ಹಿಂದಿನಿಂದ ಬಸ್ಸು. ನಮ್ಮ ಕಡೆಯ ಬಸ್ಸಿನ ಹಾರ್ನ್ ಗೊತ್ತಲ್ವಾ, ಬೆನ್ನಿಗೇ ಬಂದು ತಾಗಿದ ಹಾಗೆ. ಎಡಕ್ಕೆ ಸರಿದು ಬ್ರೇಕ್ ಹಿಡಿದೆ. ಎಡಬದಿಯಲ್ಲಿ ಹೋಗುವ ರಸ್ತೆಯಲ್ಲಿ ಸೈಕಲ್ ನಿಲ್ಲಿಸುವುದೆಂದರೆ ಎಡಗಾಲು ಊರುವುದು. ಡಾಂಬರು ಮುಗಿದ ಕಡೆ ತಗ್ಗು, ಅದರಲ್ಲಿ ಸಡಿಲ ಜಲ್ಲಿ. ಅಲ್ಲಿ ಊರಲು ನನ್ನ ಕಾಲು ಒಪ್ಪಲಿಲ್ಲ. ಪೆಡಲಿಗೇ ಅಂಟಿಕೊಂಡ ಹಾಗೆ ಇತ್ತು. ಕೊನೆಯ ಗಳಿಗೆಯಲ್ಲಿ ಬಲಗಾಲು ಊರಿದೆ. ಸೈಕಲ್ ಬಲಕ್ಕೆ, ಬಸ್ಸಿನ ಕಡೆಗೇ ವಾಲಿತು. ಬಸ್ಸು ಒಂದು ಮೊಳ ದೂರದಲ್ಲಿ ದಾಟಿ ಹೋಯಿತು.

ಅಲ್ಲಿಂದ ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ. ಮೂಳೆ ಕೂಡಿದೆ, ಎಕ್ಸ್‌ರೇ ನೋಡಿದ್ದೇನೆ. ಆದರೆ ನೆಲ ಅಂದರೆ ಜಾರುತ್ತದೆ ಎಂದು ಆ ಕಾಲು ಕಲಿತುಬಿಟ್ಟಿತ್ತು. ನಾನು ಯೋಚಿಸಿ ಹೇಳಿದರೆ ಅದು ಕೇಳುವುದಿಲ್ಲ. ಆ ಕಾಲಿಗೆ ಬೇರೆ ರೀತಿಯಲ್ಲೇ ಕಲಿಸಬೇಕಿತ್ತು. ಅತ್ತೆಗೆ ಏನೂ ಹೇಳಲಿಲ್ಲ. "ಇನ್ನು ಸೈಕಲ್ ಸಾಕು ಮಾರಾಯ್ತಿ, ಒಂದು ಕಾಲು ಹೋದದ್ದು ಸಾಲದಾ" ಎಂದು ಮೊದಲೇ ಹೇಳಿದ್ದರು.

ಮಾರನೇ ದಿನದಿಂದ ಸಂಜೆ ಆಫೀಸಿನಿಂದ ಬಂದ ಮೇಲೆ ಮನೆ ಹತ್ತಿರದ ಶಾಲೆಯ ಮೈದಾನಕ್ಕೆ ಹೋದೆ. ಜೊತೆಗೆ ಮಗ ಬಂದ. ಸೀಟನ್ನು ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುವಷ್ಟು ಇಳಿಸಿದೆ. ಹತ್ತು ಮಾರು ಹೋಗುವುದು, ನಿಲ್ಲಿಸುವುದು. ಮತ್ತೆ ಹತ್ತು ಮಾರು, ಮತ್ತೆ ನಿಲ್ಲಿಸುವುದು. ಬ್ರೇಕ್ ಹಿಡಿಯುವ ಮೊದಲು ಬಲ ಪೆಡಲು ಕೆಳಗೆ ಬರಬೇಕು. ಅದರ ಮೇಲೆ ನಿಂತು ಸೀಟಿನಿಂದ ಮುಂದಕ್ಕೆ ಇಳಿಯಬೇಕು. ಆಗ ಎಡಪಾದ ಅಂಚಿನಿಂದ ಅಲ್ಲ, ಪೂರ್ತಿ ಚಪ್ಪಟೆಯಾಗಿ ನೆಲ ಮುಟ್ಟುತ್ತದೆ. ದಿನಕ್ಕೆ 30 ಸಲ. ಮಗ ಎಣಿಸುತ್ತಿದ್ದ. ಮೊದಲೆರಡು ದಿನ ಪ್ರತಿ ಸಲವೂ ಹೊಟ್ಟೆಯೊಳಗೆ ಝಲ್ ಎನ್ನುತ್ತಿತ್ತು. ನಾಲ್ಕನೇ ದಿನ ಮಣ್ಣು ಬಿಟ್ಟು ಹುಲ್ಲಿನ ಮೇಲೆ. ಆಮೇಲೆ ಮೈದಾನದ ಅಂಚಿನ ಜಲ್ಲಿಯ ಮೇಲೆ. ಕೊನೆಗೆ ಮಳೆ ಬಂದು ನಿಂತ ಒಂದು ಸಂಜೆ, ಒದ್ದೆ ನೆಲದ ಮೇಲೆ. ಅವತ್ತು ಮಗ ಎಣಿಸಲಿಲ್ಲ, ಸುಮ್ಮನೆ ನನ್ನ ಎಡಕ್ಕೆ ಕೈ ಚಾಚಿಕೊಂಡು ಪಕ್ಕದಲ್ಲೇ ನಡೆದ. ಅವನಿಗೆ ಸೈಕಲ್ ಕಲಿಸುವಾಗ ನಾನು ಹಾಗೇ ನಡೆದಿದ್ದೆ.

ಸೀಟು ಅಷ್ಟು ಕೆಳಗಿದ್ದರೆ ಮೊಣಕಾಲು ನೋಯುತ್ತದೆ. ಹಾಗಾಗಿ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿದೆ. ಸೀಟಿನ ಕೊಳವೆಯ ಮೇಲೆ ಪೆನ್ನಿನಲ್ಲಿ ಹಾಕಿಕೊಂಡ ಗೆರೆಗಳು ಇನ್ನೂ ಇವೆ.

ನವೆಂಬರಿನಲ್ಲಿ ಮಲ್ಪೆಯವರೆಗೆ ಹೋದೆ. ಆ ದಾರಿಯಲ್ಲಿ ಮೀನಿನ ಲಾರಿಗಳಿಂದ ನೀರು ಸೋರಿ ರಸ್ತೆ ನುಣ್ಣಗಾಗಿರುತ್ತದೆ. ಅಂಥ ಜಾಗದಲ್ಲಿ ನಿಲ್ಲಿಸಬೇಕಾಗಿ ಬಂದರೆ ನಾಲ್ಕು ಮಾರು ಮುಂದೆ ಹೋಗಿ, ಒಣಗಿದ ಕಡೆ ನೋಡಿ ನಿಲ್ಲಿಸುತ್ತೇನೆ. ಇದನ್ನು ಹೆದರಿಕೆ ಎಂದು ನಾನು ಕರೆಯುವುದಿಲ್ಲ. ಮೊದಲೇ ನೋಡಬೇಕಿತ್ತು, ಆಗ ನೋಡುತ್ತಿರಲಿಲ್ಲ.

ಡಿಸೆಂಬರಿನ ಕೊನೆಯ ಭಾನುವಾರ ನನ್ನ ಹಳೇ ದಾರಿ ಹಿಡಿದೆ. ಮಲ್ಪೆ ದಾಟಿ, ಸೇತುವೆ ಹತ್ತಿ ಪಡುಕೆರೆಗೆ. ಈ ದಾರಿಯನ್ನು ತುಳಿಯದವರಿಗೆ ಹೇಗೆ ಹೇಳಲಿ? ಬಲಕ್ಕೆ ಕಡಲು, ಎಡಕ್ಕೆ ಉದ್ಯಾವರ ಹೊಳೆ, ನಡುವೆ ತೆಂಗಿನ ಮರಗಳ ಸಣ್ಣ ಪಟ್ಟಿ, ಅದರ ಮೇಲೆ ರಸ್ತೆ. ಕೆಲವು ಕಡೆ ತಲೆ ಆಚೀಚೆ ತಿರುಗಿಸಿದರೆ ಎರಡೂ ನೀರು ಕಾಣುತ್ತದೆ. ಅಂಗಳದಲ್ಲಿ ಬಲೆ ಹೆಣೆಯುವವರು, ಒಣಮೀನಿನ ವಾಸನೆ, ರಸ್ತೆಗೆ ಅಡ್ಡ ಮಲಗಿದ ನಾಯಿ. ಮೊದಲು ನಾನು ಇಲ್ಲಿಂದ ಹಾಗೇ ಮುಂದೆ ಹೋಗಿ ಕಾಪುವಿನ ದೀಪಸ್ತಂಭ ಮುಟ್ಟಿ ಬರುತ್ತಿದ್ದೆ. 1901ರಲ್ಲಿ ಕಟ್ಟಿದ ಆ ಸ್ತಂಭ ದೂರದಿಂದ ಕಂಡಾಗ ತುಳಿತ ತಾನಾಗಿ ಜೋರಾಗುತ್ತಿತ್ತು. ಈ ಸಲ ನಡುವೆ ಸಿಗುವ ಮಟ್ಟು ಊರಿನವರೆಗೆ ಸಾಕು ಎಂದು ಮೊದಲೇ ತೀರ್ಮಾನ ಮಾಡಿದ್ದೆ.

ಮಟ್ಟುವಿನಲ್ಲಿ ಗುಳ್ಳ ಬದನೆ ಶುರುವಾಗಿತ್ತು. ತಿಳಿಹಸಿರು, ಉರುಟು, ತೊಟ್ಟಿನಲ್ಲಿ ಮುಳ್ಳು. ವಾದಿರಾಜ ಸ್ವಾಮಿಗಳು ಬೀಜ ಕೊಟ್ಟದ್ದೆಂದು ಊರವರ ನಂಬಿಕೆ. 2011ರಲ್ಲಿ ಇದಕ್ಕೆ ಜಿ.ಐ. ಟ್ಯಾಗ್, ಅಂದರೆ ಈ ಊರಿನದೇ ಬೆಳೆ ಎಂಬ ಸರ್ಕಾರಿ ಗುರುತು ಸಿಕ್ಕಿತು. ನಾನು ಯಾವಾಗಲೂ ಕೊಳ್ಳುವ ಮನೆಯ ಅಕ್ಕ ಅಂಗಳದಲ್ಲೇ ಇದ್ದರು. "ಮಸ್ತ್ ದಿನ ಆಂಡ್ ಈರೆನ್ ತೂದ್" ಎಂದರು, ನಿಮ್ಮನ್ನು ನೋಡದೆ ತುಂಬ ದಿನ ಆಯ್ತು ಎಂದು. ಸೈಕಲ್ ಮೇಲಿಂದಲೇ ಕಾಲಿನ ಕಥೆ ಹೇಳಿದೆ. ಅವರು ತಕ್ಕಡಿ ಕೆಳಗಿಟ್ಟು, "ಯಾವ ಕಾಲು?" ಎಂದು ಕೇಳಿದರು.

ಕೆಳಗೆ ನೋಡಿದೆ. ಮರಳಿನಲ್ಲಿ ಊರಿಕೊಂಡಿದ್ದ ಕಾಲನ್ನು ತೋರಿಸಿದೆ.

ವಾಪಸ್ ಬರುವಾಗ ಸ್ಕ್ರೂ ಇರುವ ಜಾಗ ಸ್ವಲ್ಪ ನೋಯುತ್ತಿತ್ತು. ದೂರ ಹೋದರೆ ಈಗಲೂ ನೋಯುತ್ತದೆ, ರಾತ್ರಿ ಐಸ್ ಇಟ್ಟರೆ ಕಡಿಮೆಯಾಗುತ್ತದೆ. ಮನೆಗೆ ಬಂದು ಗುಳ್ಳದ ಚೀಲ ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಅತ್ತೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿದರು.

"ಮಟ್ಟುವಿನವರೆಗೆ ಹೋದೆಯಾ?"

"ಹೌದು ಅತ್ತೆ."

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಈಳಿಗೆ ಮಣೆ ಎಳೆದುಕೊಂಡು ಕೂತರು. "ಬೋಳುಹುಳಿಗೆ ಇದು ಸಾಕು. ಮುಂದಿನ ವಾರ ಹೋದಾಗ ಇನ್ನೊಂದು ಕೆಜಿ ಜಾಸ್ತಿ ತಾ, ನಿನ್ನ ಅಮ್ಮನಿಗೂ ಕಳಿಸುವ."