ಪುಕ್ಕಟೆ ವಕೀಲರು ಸರಿಯಾಗಿ ಕೇಸ್ ನಡೆಸ್ತಾರಾ?

ನಡೆಸ್ತೀವಿ. ಮುಂದಿನ ಪ್ರಶ್ನೆ?

ಪುಕ್ಕಟೆ ವಕೀಲರನ್ನು ಕೊಡುವ ಕಾನೂನು ಸೇವಾ ಸಮಿತಿಯ ಪ್ಯಾನಲ್‌ನಲ್ಲಿ ನನ್ನ ಹೆಸರಿದೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದೇ ಇದನ್ನು. ಕೆಲವರು ಬಾಯಿಬಿಟ್ಟು ಕೇಳುವುದೂ ಇಲ್ಲ, "ಪಾಪ, ಪ್ರಾಕ್ಟೀಸ್ ಇಲ್ವೇನೋ" ಅನ್ನೋ ಹಾಗೆ ಮುಖ ಮಾಡುತ್ತಾರೆ. ಇದೆ ಸ್ವಾಮಿ. ಊರಿನ ಅಣ್ಣತಮ್ಮಂದಿರು ಆಸ್ತಿಗೆ ಜಗಳ ಆಡುವ ತನಕ ನನ್ನ ಮನೆ ನಡೆಯುತ್ತದೆ. ಮತ್ತೆ, ನಾನೇನು ಸುಮ್ನೆ ದುಡಿಯುತ್ತಿಲ್ಲ. ಕಕ್ಷಿದಾರರ ಬದಲು ಸಮಿತಿ ಫೀಸು ಕೊಡುತ್ತದೆ. ಜಾಸ್ತಿ ಏನಲ್ಲ ಬಿಡಿ.

ಕೆಲವು ವರ್ಷಗಳ ಹಿಂದೆ, ಕಳ್ಳತನದ ಕೇಸಿನ ಹುಡುಗನೊಬ್ಬನ ತಾಯಿ ಕೋರ್ಟಿನ ಮೆಟ್ಟಿಲ ಹತ್ತಿರ ಸೆರಗಿನ ಗಂಟು ಬಿಚ್ಚಿದರು. ಮಡಿಸಿ ಮಡಿಸಿ ಮೆತ್ತಗಾದ ಐನೂರರ ನೋಟುಗಳು. "ನಾನು ತಗೊಳ್ಳೋ ಹಾಗಿಲ್ಲಮ್ಮ" ಅಂದೆ. ಅಷ್ಟಕ್ಕೇ ಅವರಿಗೆ ನನ್ನ ಮೇಲಿದ್ದ ನಂಬಿಕೆಯೂ ಹೋಯಿತು. ಮುಂದಿನ ತಾರೀಖಿಗೆ ಬೇರೆ ವಕೀಲರು ವಕಾಲತ್ತು ಹಾಕಿದ್ದರು. ಜಾಮೀನು ಅರ್ಜಿಯಲ್ಲಿ ಇದ್ದದ್ದು ನಾನು ಬರೆದ ಕಾರಣಗಳೇ, ಅದೇ ಕ್ರಮದಲ್ಲಿ! ಜಾಮೀನೂ ಸಿಕ್ಕಿತು. ಹುಡುಗ ಮಾತ್ರ ಹೊರಗೆ ಬರಲಿಲ್ಲ. ಪಹಣಿ ಹಿಡಿದು ಶ್ಯೂರಿಟಿ ನಿಲ್ಲುವವರು ಯಾರೂ ಇರಲಿಲ್ಲ.

ನನ್ನನ್ನು ಕೇಳಬೇಕಾದದ್ದು ಬೇರೆ ಇದೆ. ಫೈಲು ನಿಮ್ಮ ಕೈಗೆ ಯಾವಾಗ ಬಂತು? ಆರೋಪಿ ಹತ್ತಿರ ಎಷ್ಟು ಹೊತ್ತು ಮಾತಾಡಿದಿರಿ?

ಮಧ್ಯಪ್ರದೇಶದ ಖಂಡ್ವಾದಲ್ಲಿ 2013ರಲ್ಲಿ ಅನೋಖಿಲಾಲ್ ಎಂಬ ಯುವಕನಿಗೆ ಕೋರ್ಟು ವಕೀಲರನ್ನು ಕೊಟ್ಟ ದಿನವೇ ಆರೋಪ ಹೊರಿಸಿತು. ಎರಡು ವಾರದೊಳಗೆ ಗಲ್ಲು ಶಿಕ್ಷೆಯೂ ಆಯಿತು. ಆ ವಕೀಲರು ಚಾರ್ಜ್‌ಶೀಟ್ ಓದಿದ್ದು ಯಾವಾಗ, ಪಾಟಿ ಸವಾಲಿಗೆ ತಯಾರಾಗಿದ್ದು ಯಾವಾಗ? 2019ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿ ಹೊಸದಾಗಿ ವಿಚಾರಣೆ ನಡೆಸಿ ಅಂದಿತು. ಗಲ್ಲು ಅಥವಾ ಜೀವಾವಧಿ ಆಗಬಹುದಾದ ಕೇಸಿಗೆ ಕನಿಷ್ಠ 10 ವರ್ಷ ಅನುಭವ ಇರುವ ವಕೀಲರೇ ಬೇಕು, ತಯಾರಿಗೆ ಸಾಮಾನ್ಯವಾಗಿ 7 ದಿನವಾದರೂ ಕೊಡಬೇಕು ಅಂತಲೂ ಹೇಳಿತು. ಆತ ಖುಲಾಸೆಯಾದದ್ದು 2024ರಲ್ಲಿ. ಆ ವಕೀಲರು ಪುಕ್ಕಟೆ ಅನ್ನೋದು ಅಲ್ಲಿ ತೊಂದರೆಯೇ ಅಲ್ಲ, ಅಲ್ವಾ?

ಕಾನೂನು ನೆರವಿಗೆ 2022ರಲ್ಲಿ ಬಂದ ಹೊಸ ವ್ಯವಸ್ಥೆಯಲ್ಲಿ ಆರೋಪಿಗಳ ಪರ ವಾದಿಸುವುದಕ್ಕೇ ಪೂರ್ಣಾವಧಿ ವಕೀಲರನ್ನು ನೇಮಿಸುತ್ತಾರೆ. ಅವರು ಖಾಸಗಿ ಕೇಸು ಹಿಡಿಯುವಂತಿಲ್ಲ. ಒಳ್ಳೆಯದೇ. ಆದರೆ ಅವರ ಮೇಜಿನ ಮೇಲೂ ಫೈಲುಗಳ ರಾಶಿ ಬಿದ್ದರೆ ಮತ್ತೆ ಅದೇ ಕಥೆ.

ನಿಮ್ಮವರನ್ನು ಯಾರನ್ನಾದರೂ ಪೊಲೀಸರು ಹಿಡಿದುಕೊಂಡು ಹೋದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಬಂಧನದಲ್ಲಿರುವವರಿಗೆ ಪುಕ್ಕಟೆ ವಕೀಲರು ಸಿಗೋದಕ್ಕೆ ಆದಾಯದ ಮಿತಿ ಇಲ್ಲ. ಆವತ್ತೇ ಮಾಡಿ, ಚಾರ್ಜ್‌ಶೀಟ್ ಬಂದ ಮೇಲಲ್ಲ.