ಒಂದೇ ಹಡಗು, ಎರಡು ವಾರ, ಆರು ಜನ: ನಮ್ಮ ಬ್ಯಾಕ್-ಟು-ಬ್ಯಾಕ್ ಡೈರಿ

ಫೆಬ್ರವರಿ

ಮಕ್ಕಳ ಸ್ಕೂಲು ಮೇ ಕೊನೆಗೆ ಮುಗಿಯುತ್ತದೆ. ಅಷ್ಟರಲ್ಲಿ ಅಪ್ಪ ಅಮ್ಮ ಹಾಸನದಿಂದ ಅಟ್ಲಾಂಟಾಗೆ ಬಂದಿರುತ್ತಾರೆ. ಅಪ್ಪನಿಗೆ ಮಂಡಿ ನೋವು. ದಿನಕ್ಕೊಂದು ಹೋಟೆಲು, ದಿನಾ ಬೆಳಗ್ಗೆ ಗಂಟುಮೂಟೆ ಕಟ್ಟುವ ಪ್ರವಾಸ ಅವರಿಗೆ ಆಗುವುದಿಲ್ಲ. ಅದಕ್ಕೇ ಈ ಯೋಚನೆ ಬಂತು: ಒಂದೇ ಹಡಗಿನಲ್ಲಿ ಒಂದರ ಬೆನ್ನಿಗೆ ಇನ್ನೊಂದು ಕ್ರೂಸ್. ಈ ಹುಚ್ಚು ಹತ್ತಿದವರು ಇದನ್ನು ಬ್ಯಾಕ್-ಟು-ಬ್ಯಾಕ್, ಚಿಕ್ಕದಾಗಿ ಬಿ2ಬಿ ಅಂತಾರೆ.

ಮೊದಲು ಕಣ್ಣು ಬಿದ್ದಿದ್ದು ಅಲಾಸ್ಕಾ ಮೇಲೆ. ಸಿಯಾಟಲ್‌ನಲ್ಲಿ ಹತ್ತಿ, ಅಲಾಸ್ಕಾ ನೋಡಿ, ಕೆನಡಾದ ವ್ಯಾಂಕೂವರ್‌ವರೆಗೆ ಒಂದು. ಅದೇ ಹಡಗಿನಲ್ಲಿ ಅಲ್ಲಿಂದ ಲಾಸ್ ಏಂಜಲೀಸ್‌ಗೆ ಇನ್ನೊಂದು. ಬೇರೆ ಬೇರೆಯಾಗಿ ಎರಡೂ ಸರಿ, ಸೇರಿಸಿದರೆ ಸಿಯಾಟಲ್‌ನಿಂದ ಲಾಸ್ ಏಂಜಲೀಸ್‌ಗೆ ಅಂತಾಗಿ ತಪ್ಪು! 1886ರ ಒಂದು ಕಾನೂನು ಅಡ್ಡ ಬರುತ್ತದೆ. ವಿದೇಶಿ ಬಾವುಟದ, ಅಂದರೆ ಬೇರೆ ದೇಶದಲ್ಲಿ ನೋಂದಾಯಿಸಿದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿದವರನ್ನು ಅಮೆರಿಕದ ಇನ್ನೊಂದು ಬಂದರಿನಲ್ಲಿ ಇಳಿಸಬೇಕಾದರೆ ನಡುವೆ ‘ದೂರದ’ ವಿದೇಶಿ ಬಂದರನ್ನು ಮುಟ್ಟಿರಬೇಕು. ವ್ಯಾಂಕೂವರ್ ಹತ್ತಿರದ್ದು, ಲೆಕ್ಕಕ್ಕಿಲ್ಲ. ಕ್ಯಾರಿಬಿಯನ್‌ನ ದ್ವೀಪಗಳೂ ಹೆಚ್ಚುಕಮ್ಮಿ ಹತ್ತಿರದವೇ. ಅರೂಬಾ, ಬೊನೇರ್, ಕುರಸಾವ್ ಮಾತ್ರ ದೂರದವು ಅಂತೆ. ಆದರೆ ಹೊರಟ ಬಂದರಿಗೇ ವಾಪಸ್ ಬಂದರೆ ಈ ತಲೆನೋವಿಲ್ಲ.

ಕೊನೆಗೆ ಫ್ಲೋರಿಡಾದ ಪೋರ್ಟ್ ಕೆನವೆರಲ್ ಅಂತ ತೀರ್ಮಾನವಾಯಿತು. ಮನೆಯಿಂದ ಕಾರಿನಲ್ಲೇ ಹೋಗಬಹುದು. ಆರು ಜನರ ವಿಮಾನದ ಟಿಕೆಟ್ ಉಳಿಯಿತು.

ಮಾರ್ಚ್

ಒಂದೇ ದಾರಿಯನ್ನು ಎರಡು ಸಲ ಸುತ್ತಬಾರದು, ಅಲ್ವಾ? ಮೊದಲ ವಾರ ಕ್ಯಾರಿಬಿಯನ್‌ನ ಪೂರ್ವದ ಕಡೆ: ಸೇಂಟ್ ಮಾರ್ಟನ್, ಸೇಂಟ್ ಥಾಮಸ್. ಎರಡನೇ ವಾರ ಪಶ್ಚಿಮದ ಕಡೆ: ಮೆಕ್ಸಿಕೋದ ಕೊಜುಮೆಲ್, ಹೊಂಡುರಾಸ್‌ನ ರೊಆಟಾನ್. ಶನಿವಾರದಿಂದ ಶನಿವಾರ, ಏಳೇಳು ರಾತ್ರಿ.

ಇಬ್ಬರು ಮಕ್ಕಳ ಜೊತೆ ನಮಗೊಂದು ಕೋಣೆ, ಅಪ್ಪ ಅಮ್ಮನಿಗೊಂದು. ನಮ್ಮದು ಎರಡೂ ವಾರ ಅದೇ ಸಿಕ್ಕಿತು. ಅವರದು ಸಿಗಲಿಲ್ಲ, ಎರಡನೇ ವಾರ ಮೂರು ಬಾಗಿಲು ಆಚೆ.

ಲೆಕ್ಕದಲ್ಲಿ ಎಡವಿದ್ದು ಟಿಪ್ಸ್ ವಿಷಯದಲ್ಲಿ. ತಲೆಗೆ ದಿನಕ್ಕೆ 18 ಡಾಲರ್, ಐದು ವರ್ಷದ ಮಗನಿಗೂ ಅಷ್ಟೇ. ಆರು ಜನ, 14 ರಾತ್ರಿ: 1,512 ಡಾಲರ್. ಟಿಕೆಟ್ಟಿನ ಬೆಲೆ ನೋಡಿ ಖುಷಿಪಡುವಾಗ ಇದು ಕಣ್ಣಿಗೇ ಬಿದ್ದಿರಲಿಲ್ಲ.

ಅಪ್ಪ ಅಮ್ಮನ ವೀಸಾ ಮಲ್ಟಿಪಲ್ ಎಂಟ್ರಿಯೇ ಅಂತ ಎರಡು ಸಲ ನೋಡಿದೆ. ಇಲ್ಲದಿದ್ದರೆ ಹೊರಗೆ ಹೋದವರು ಒಳಗೆ ಬರುವ ಹಾಗಿಲ್ಲ. ಅವರ ವಿಸಿಟರ್ ಇನ್ಶೂರೆನ್ಸ್ ಸಮುದ್ರದ ಮೇಲೆ ನಡೆಯುವುದಿಲ್ಲ ಅಂತ ಗೊತ್ತಾಗಿ ಬೇರೆ ಮಾಡಿಸಿದೆವು.

ಮೇ, ಹೊರಡುವ ಹಿಂದಿನ ದಿನ

ಅಮ್ಮ ಚಿಕ್ಕ ಎಲೆಕ್ಟ್ರಿಕ್ ಕುಕ್ಕರ್ ಪ್ಯಾಕ್ ಮಾಡಿದ್ದರು. ತೆಗೆಸಿದೆ. ಇಸ್ತ್ರಿಪೆಟ್ಟಿಗೆಯೂ ಇಲ್ಲ, ಕುಕ್ಕರೂ ಇಲ್ಲ. ಹಡಗಿನಲ್ಲಿ ಬೆಂಕಿಯ ಭಯ ಜಾಸ್ತಿ, ಹತ್ತುವಾಗಲೇ ಕಿತ್ತುಕೊಳ್ಳುತ್ತಾರೆ. ಚಟ್ನಿಪುಡಿ, ಉಪ್ಪಿನಕಾಯಿ ಸೀಲ್ ಇದ್ದ ಪ್ಯಾಕೆಟ್ಟಿನಲ್ಲಿ ಹೋದವು. ಬಟ್ಟೆ ಒಂದು ವಾರಕ್ಕೆ ಮಾತ್ರ. ಉಳಿದದ್ದಕ್ಕೆ ಅಯಸ್ಕಾಂತದ ಹತ್ತು ಕೊಕ್ಕೆ ತಗೊಂಡೆ. ಕೋಣೆಯ ಗೋಡೆ ಉಕ್ಕಿನದು, ಅಂಟಿಸಿ ಹಗ್ಗ ಕಟ್ಟಿದರೆ ಒಣಹಾಕಲು ಸಾಕು.

ಮೊದಲ ವಾರ

ಸೇಂಟ್ ಮಾರ್ಟನ್‌ನಲ್ಲಿ ಮಾಹೋ ಬೀಚ್. ವಿಮಾನ ತಲೆಗೆ ತಾಗುತ್ತದೇನೋ ಅನ್ನುವ ಹಾಗೆ ಇಳಿಯುತ್ತದೆ. ಒಂದೇ ದ್ವೀಪದಲ್ಲಿ ಒಂದು ಭಾಗ ಫ್ರೆಂಚರದ್ದು, ಇನ್ನೊಂದು ಭಾಗ ಡಚ್ಚರದ್ದು, 1648ರಲ್ಲೇ ಹಂಚಿಕೊಂಡಿದ್ದು. ಮಗನಿಗೆ ವಿಮಾನ ಬಿಟ್ಟು ಬೇರೇನೂ ಬೇಡವಾಗಿತ್ತು.

ಸೇಂಟ್ ಥಾಮಸ್‌ನಲ್ಲಿ ಅಪ್ಪನಿಗೆ ಹಬ್ಬ. ಟ್ಯಾಕ್ಸಿ ರಸ್ತೆಯ ಎಡಗಡೆ ಹೊರಟಿತು. “ನಮ್ಮೂರ ಥರ!” ಅಂದರು. ಸ್ಟೇರಿಂಗ್ ಕೂಡ ಎಡಕ್ಕೇ ಇರುವುದು ನೋಡಿ ಸುಮ್ಮನಾದರು. ಅಮೆರಿಕ ಸೇಂಟ್ ಥಾಮಸ್ ಮತ್ತು ಅಕ್ಕಪಕ್ಕದ ದ್ವೀಪಗಳನ್ನು 1917ರಲ್ಲಿ ಡೆನ್ಮಾರ್ಕ್‌ನಿಂದ ಎರಡೂವರೆ ಕೋಟಿ ಡಾಲರ್ ಕೊಟ್ಟು ಕೊಂಡಿತು. ಎಡಗಡೆ ಓಡಿಸುವ ಪದ್ಧತಿ ಮಾತ್ರ ಹಾಗೇ ಉಳಿಯಿತು.

ಊಟ ಪರವಾಗಿಲ್ಲ. ಹಿಂದಿನ ದಿನವೇ ಹೇಳಿದರೆ ಇಂಡಿಯನ್ ಸಸ್ಯಾಹಾರ ಮಾಡಿಕೊಡುತ್ತಾರೆ. ಆದರೆ ಇಂಡಿಯನ್ ಅಂದರೆ ಅವರ ಪ್ರಕಾರ ಪನೀರ್. ನಾಲ್ಕನೇ ದಿನ ಅಮ್ಮ ಚಟ್ನಿಪುಡಿ ಪ್ಯಾಕೆಟ್ ಹಿಡಿದೇ ಊಟಕ್ಕೆ ಬಂದರು.

ನಡುವಿನ ಶನಿವಾರ

ಇದರ ಬಗ್ಗೆಯೇ ಜಾಸ್ತಿ ಬರೆಯಬೇಕು.

ಹಿಂದಿನ ರಾತ್ರಿ ಬಾಗಿಲಲ್ಲಿ ಒಂದು ಚೀಟಿ ಇತ್ತು. ಬೆಳಗ್ಗೆ ಒಂಬತ್ತೂವರೆಗೆ ಐದನೇ ಡೆಕ್ಕಿನ ಲೌಂಜಿಗೆ ಬನ್ನಿ, ಪಾಸ್‌ಪೋರ್ಟ್ ತನ್ನಿ, ಸಾಮಾನು ಕೋಣೆಯಲ್ಲೇ ಇರಲಿ. ಮುಂದಿನ ವಾರಕ್ಕೂ ಉಳಿಯುವವರೆಲ್ಲ ಅಲ್ಲಿ ಕೂತಿದ್ದರು. ನಿಯಮ ಸರಳ: ಅಮೆರಿಕದ ಬಂದರಿನಲ್ಲಿ ಹಡಗು ಒಮ್ಮೆ ಪೂರ್ತಿ ಖಾಲಿಯಾಗಬೇಕು. ಪ್ರಯಾಣಿಕರ ಲೆಕ್ಕ ಸೊನ್ನೆಗೆ ಬಂದಮೇಲೇ ಹೊಸಬರಿಗೆ ಬಾಗಿಲು. ಒಬ್ಬ ಪುಣ್ಯಾತ್ಮ ಕೋಣೆಯಲ್ಲಿ ನಿದ್ದೆ ಹೊಡೆಯುತ್ತಿದ್ದರೆ ಎಲ್ಲರೂ ಕಾಯಬೇಕು. ಅವತ್ತು ಅಂಥವರು ಇದ್ದರು, ಮುಕ್ಕಾಲು ಗಂಟೆ ಕೂತೆವು.

ಆಮೇಲೆ ಸಾಲಾಗಿ ಇಳಿದು, ಕ್ಯಾಮೆರಾಗೆ ಮುಖ ತೋರಿಸಿ, ಹೊಸ ಕಾರ್ಡ್ ಹಿಡಿದು ಅದೇ ಸೇತುವೆಯಲ್ಲಿ ವಾಪಸ್. ಅಪ್ಪ ಕೇಳಿದರು, “ಇದಕ್ಕೆ ಇಳಿಯಬೇಕಿತ್ತಾ?”

ಒಳಗೆ ಬಂದರೆ ಹಡಗು ಖಾಲಿ. ವ್ಯಾಕ್ಯೂಮ್ ಕ್ಲೀನರ್ ಸದ್ದು ಬಿಟ್ಟರೆ ಏನೂ ಇಲ್ಲ. ನಿನ್ನೆ ಕುರ್ಚಿಗೆ ಜಗಳ ಆಡುತ್ತಿದ್ದ ಈಜುಕೊಳದ ಪಕ್ಕ ನಾವು ಆರೇ ಜನ. ಕಟಕಟೆಯಿಂದ ಬಗ್ಗಿ ನೋಡಿದರೆ ಕೆಳಗೆ ಫೋರ್ಕ್‌ಲಿಫ್ಟ್‌ಗಳು ಮೊಟ್ಟೆ, ಕಲ್ಲಂಗಡಿ, ಟಾಯ್ಲೆಟ್ ಪೇಪರ್ ಹೊತ್ತು ಇರುವೆ ಸಾಲಿನ ಹಾಗೆ ಹಡಗಿನ ಹೊಟ್ಟೆಗೆ ಹೋಗುತ್ತಿದ್ದವು. ಮಗ ಅರ್ಧ ಗಂಟೆ ಅಲ್ಲಾಡಲಿಲ್ಲ. ಅಪ್ಪನ ಪಂಚೆ, ಅಂಗಿ ಎಲ್ಲ ಹ್ಯಾಂಗರ್ ಸಮೇತ ಹೊಸ ಕೋಣೆಯ ಬೀರು ಸೇರಿದ್ದವು.

ಮಗಳ ಕಥೆ ಬೇರೆ. ಒಂಬತ್ತು ವರ್ಷ. ಮಕ್ಕಳ ಕ್ಲಬ್ಬಿನಲ್ಲಿ ವಾರವಿಡೀ ಇಬ್ಬರು ಗೆಳತಿಯರ ಜೊತೆ ಅಂಟಿಕೊಂಡಿದ್ದಳು. ಅವರು ಏಳೂವರೆಗೇ ಇಳಿದು ಹೋಗಿದ್ದರು. ಕೈಗೆ ಕಟ್ಟಿದ ದಾರದ ಬಳೆ ತಿರುಗಿಸುತ್ತಾ, ಏನೂ ತಿನ್ನದೆ ಕೂತಿದ್ದಳು. ಸ್ಪ್ರೆಡ್‌ಶೀಟಿನಲ್ಲಿ ಇದಕ್ಕೊಂದು ಸಾಲು ಇರಲಿಲ್ಲ. ಬಿ2ಬಿ ಮಾಡುವ ಅಪ್ಪ ಅಮ್ಮಂದಿರಿಗೆ ಯಾರೂ ಇದನ್ನು ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸಂಜೆ ಲೈಫ್ ಜಾಕೆಟ್ ಡ್ರಿಲ್, ಮತ್ತೆ ಮಾಡಲೇಬೇಕು. ಅಲ್ಲಿ ದಾರಿ ತಪ್ಪಿ ನಿಂತಿದ್ದ ಒಬ್ಬ ಹುಡುಗಿಗೆ “ಬಾ, ನನಗೆ ಗೊತ್ತು” ಅಂತ ಕೈ ಹಿಡಿದು ಕರೆದುಕೊಂಡು ಹೋದಳು. ಆಮೇಲೆ ಪಿಜ್ಜಾ ತಿಂದಳು.

ಎರಡನೇ ವಾರ

ಮೆನು ಮೊದಲ ದಿನದಿಂದ ಪುನಃ ಶುರು. ಅದೇ ಸೂಪ್, ಅದೇ ಜಾದೂ ಶೋ, ಅದೇ ಜೋಕು. ಮೊದಲೇ ಗೊತ್ತಿದ್ದರೆ ಅರ್ಧ ಶೋಗಳನ್ನು ಈ ವಾರಕ್ಕೆ ಉಳಿಸುತ್ತಿದ್ದೆವು. ಲಾಭ ಒಂದೇ: ಬಡಿಸುವ ಹುಡುಗ ಮಂಗಳೂರಿನ ಕಡೆಯವನು, ಅಮ್ಮನನ್ನು ಚೆನ್ನಾಗಿ ಅರ್ಥಮಾಡಿಕೊಂಡಿದ್ದ. ಬುಧವಾರದಿಂದ ಪನೀರ್ ಹೋಗಿ ನೀರು ದಾಲು, ಸಾಸಿವೆ ಒಗ್ಗರಣೆ, ಬಿಸಿ ಅನ್ನ ಬಂತು. ಸಾರು ಅಂತಲೇ ಕರೆದೆವು.

ಕೊಜುಮೆಲ್‌ನಲ್ಲಿ ಮರ್ಯಾದೆ ಹೋಗುವುದರಲ್ಲಿತ್ತು. ಎಲ್ಲರೂ ನಾಲ್ಕೂವರೆಗೆ ಹಡಗಿನಲ್ಲಿರಬೇಕು. ಬೀಚಿನಲ್ಲಿ ನನ್ನ ಫೋನ್ ಎರಡೂ ಐವತ್ತು ತೋರಿಸುತ್ತಿತ್ತು, ಆರಾಮಾಗಿ ಇನ್ನೊಂದು ಎಳನೀರು ಹೇಳಿದೆ. ಅಪ್ಪ ತಮ್ಮ ಎಚ್‌ಎಂಟಿ ವಾಚು ನೋಡಿ, “ಮೂರೂ ಐವತ್ತು ಕಣೆ” ಅಂದರು. ಹಳೇ ಕೀಲಿ ವಾಚು, ಹಿಂದೆ ಬಿತ್ತೋ ಮುಂದೆ ಓಡಿತೋ ಅಂತ ನಕ್ಕೆ. ತಪ್ಪು ನನ್ನದೇ. ಅಲ್ಲಿ 2015ರಿಂದ ವರ್ಷವಿಡೀ ಒಂದೇ ಸಮಯ, ಬೇಸಿಗೆಯಲ್ಲಿ ಫ್ಲೋರಿಡಾಗಿಂತ ಒಂದು ಗಂಟೆ ಹಿಂದೆ. ಫೋನು ಅಲ್ಲಿನ ಟವರ್ ಹಿಡಿದು ತಾನೇ ಬದಲಾಗಿತ್ತು. ಹಡಗು ಫ್ಲೋರಿಡಾ ಸಮಯದಲ್ಲೇ ಇತ್ತು, ಅಪ್ಪನ ವಾಚೂ ಅಷ್ಟೇ. ಟ್ಯಾಕ್ಸಿ ಹಿಡಿದು, ಒದ್ದೆ ಚಡ್ಡಿಯ ಮಗನನ್ನು ಹೆಗಲಿಗೆ ಹಾಕಿಕೊಂಡು ಓಡಿದೆವು. ಎಂಟು ನಿಮಿಷ ಉಳಿದಿತ್ತು. ರೊಆಟಾನ್‌ನಲ್ಲಿ ವ್ಯತ್ಯಾಸ ಎರಡು ಗಂಟೆ. ಅಲ್ಲಿ ಯಾರೂ ಫೋನ್ ನೋಡಲಿಲ್ಲ, ಎಲ್ಲರೂ ಅಪ್ಪನನ್ನೇ ಕೇಳಿದೆವು.

ಕೊನೆಯ ಶನಿವಾರ

ಮೊದಲ ವಾರದ 23 ಡಾಲರ್ ಆನ್‌ಬೋರ್ಡ್ ಕ್ರೆಡಿಟ್, ಅಂದರೆ ಹಡಗಿನಲ್ಲೇ ಖರ್ಚು ಮಾಡಬೇಕಾದ ದುಡ್ಡು, ಹೋಯಿತು. ವಾರಕ್ಕೊಂದು ಬಿಲ್, ಅವತ್ತೇ ಚುಕ್ತಾ, ಉಳಿದದ್ದು ಮುಂದಿನ ವಾರಕ್ಕೆ ಬರುವುದಿಲ್ಲ. ಕೊಕ್ಕೆ ಹತ್ತರಲ್ಲಿ ಏಳು ಸಿಕ್ಕವು.

ಇಳಿಯುವ ದಾರಿಯಲ್ಲಿ ಐದನೇ ಡೆಕ್ಕಿನ ಲೌಂಜ್ ಬಂತು. ಹೊಸ ಬಿ2ಬಿ ಜನ ಪಾಸ್‌ಪೋರ್ಟ್ ಹಿಡಿದು ಕಾಯುತ್ತಿದ್ದರು. ಮಗ ಕೈ ಬಿಡಿಸಿಕೊಂಡು ಹೋಗಿ, ಹೋದ ವಾರ ಕೂತಿದ್ದ ಅದೇ ಸೋಫಾದಲ್ಲಿ ಕಾಲು ಚಾಚಿ ಕೂತ. ಎಬ್ಬಿಸಲು ಅಜ್ಜನ ಎಚ್‌ಎಂಟಿ ವಾಚು ಕೈಗೆ ಕಟ್ಟಬೇಕಾಯಿತು. ಅಟ್ಲಾಂಟಾ ತಲುಪುವವರೆಗೂ ಬಿಚ್ಚಲಿಲ್ಲ.